ಪೆರಿ ಮೇಸನ್ ಕುರ್ಚಿಯಲ್ಲಿ ಬೆಟ್ಟಿ ಡೇವಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕೋರ್ಟ್ ಧಾರಾವಾಹಿಗಳ ಮಾತು ಬಂದಾಗಲೆಲ್ಲ ನಾನು ಒಂದು ಕಂತಿನ ಹೆಸರು ಹೇಳುತ್ತೇನೆ: ಅಮೆರಿಕದ 'ಪೆರಿ ಮೇಸನ್' ಧಾರಾವಾಹಿಯಲ್ಲಿ ವಕೀಲ ಮೇಸನ್ ಬದಲಿಗೆ ಹಾಲಿವುಡ್ ನಟಿ ಬೆಟ್ಟಿ ಡೇವಿಸ್ ವಕೀಲೆಯಾಗಿ ಬಂದ ಕಂತು. ಹೇಳಿದ ಮೇಲೆ ಪ್ರಶ್ನೆಗಳು ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಕೇಳಿದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಏನೂ ಗೊತ್ತಿಲ್ಲದವರು ಮೇಲಿನಿಂದ ಓದಿ. ಕಾನೂನು ಓದುವವರು ನೇರ ಮೂರನೇ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಪೆರಿ ಮೇಸನ್ ಅಂದ್ರೆ ಕಾದಂಬರಿನಾ, ಸೀರಿಯಲ್ಲಾ?

ಎರಡೂ. ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆ ಮಾಡುತ್ತಿದ್ದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ 1933ರಲ್ಲಿ ಮೊದಲ ಪೆರಿ ಮೇಸನ್ ಕಾದಂಬರಿ ಪ್ರಕಟಿಸಿದರು. ಮುಂದೆ ಅದೇ ವಕೀಲನ ಮೇಲೆ ಎಂಬತ್ತಕ್ಕೂ ಹೆಚ್ಚು ಕಾದಂಬರಿ ಬಂದವು. ನಮ್ಮಲ್ಲಿ ಬಹಳ ಜನಕ್ಕೆ ಮೇಸನ್ ಪರಿಚಯವಾಗಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಯ ಹಳೇ ಪೇಪರ್‌ಬ್ಯಾಕ್‌ಗಳಿಂದಲೇ.

ಟಿವಿ ಧಾರಾವಾಹಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1957ರ ಸೆಪ್ಟೆಂಬರ್‌ನಿಂದ 1966ರ ಮೇ ತನಕ ನಡೆಯಿತು. ಒಂಬತ್ತು ಸೀಸನ್, 271 ಕಂತು. ಮೇಸನ್ ಆಗಿದ್ದವರು ರೇಮಂಡ್ ಬರ್. ಕಾರ್ಯದರ್ಶಿ ಡೆಲ್ಲಾ ಸ್ಟ್ರೀಟ್ ಪಾತ್ರದಲ್ಲಿ ಬಾರ್ಬರಾ ಹೇಲ್, ಖಾಸಗಿ ಪತ್ತೇದಾರ ಪಾಲ್ ಡ್ರೇಕ್ ಆಗಿ ವಿಲಿಯಂ ಹಾಪರ್, ಎದುರು ನಿಂತು ಸೋಲುತ್ತಲೇ ಇದ್ದ ಸರ್ಕಾರಿ ವಕೀಲ ಹ್ಯಾಮಿಲ್ಟನ್ ಬರ್ಗರ್ ಆಗಿ ವಿಲಿಯಂ ಟಾಲ್‌ಮನ್.

ಬೆಟ್ಟಿ ಡೇವಿಸ್ ಇರೋ ಕಂತು ಯಾವುದು? ಹೆಸರು, ತಾರೀಖು ಹೇಳಿ, ಹುಡುಕ್ಕೋತೀನಿ

'ದಿ ಕೇಸ್ ಆಫ್ ಕಾನ್‌ಸ್ಟಂಟ್ ಡಾಯ್ಲ್'. ಆರನೇ ಸೀಸನ್. ಪ್ರಸಾರವಾಗಿದ್ದು 1963ರ ಜನವರಿ 31, ಗುರುವಾರ. ಕಪ್ಪು ಬಿಳುಪು. ಈ ಧಾರಾವಾಹಿಯ ಎಲ್ಲ ಕಂತುಗಳ ಹೆಸರೂ 'ದಿ ಕೇಸ್ ಆಫ್' ಎಂದೇ ಶುರುವಾಗುತ್ತವೆ. ಹಾಗಾಗಿ ಹುಡುಕುವಾಗ 'ಕಾನ್‌ಸ್ಟಂಟ್ ಡಾಯ್ಲ್' ಅಂತಲೇ ಹಾಕಿ. ಅದು ಡೇವಿಸ್ ಮಾಡಿದ ಪಾತ್ರದ ಹೆಸರು.

ಹೀರೋನೇ ಇಲ್ಲದೆ ಸೀರಿಯಲ್ ಹೇಗೆ ನಡೆಸಿದ್ರು? ರೇಮಂಡ್ ಬರ್‌ಗೆ ಏನಾಗಿತ್ತು?

1962ರ ಡಿಸೆಂಬರ್‌ನಲ್ಲಿ ಬರ್ ಅವರಿಗೆ ಕರುಳಿನ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ಆಯಿತು. ಅಪಾಯದ ಗಡ್ಡೆಯಲ್ಲ. ಆದರೂ ಕೆಲವು ವಾರ ವಿಶ್ರಾಂತಿ ಬೇಕೇ ಬೇಕಿತ್ತು.

ಇದು ಎಷ್ಟು ದೊಡ್ಡ ತಾಪತ್ರಯ ಅನ್ನೋದು ಆ ಧಾರಾವಾಹಿಯ ರಚನೆ ನೋಡಿದರೆ ತಿಳಿಯುತ್ತದೆ. ಪ್ರತಿ ವಾರ ಒಂದು ಗಂಟೆಯ ಹೊಸ ಕಥೆ. ಅರ್ಧಕ್ಕರ್ಧ ದೃಶ್ಯಗಳಲ್ಲಿ ಮೇಸನ್ ಇರಲೇಬೇಕು. ಕೋರ್ಟಿನ ದೃಶ್ಯವಾದರೆ ಪ್ರಶ್ನೆ ಕೇಳುವವನು ಅವನೇ, ಸಾಲು ಸಾಲು ಮಾತೂ ಅವನದೇ. ಕೆಲಸ ಎಷ್ಟಿತ್ತೆಂದರೆ ವಾರದ ದಿನಗಳಲ್ಲಿ ಬರ್ ಸ್ಟುಡಿಯೋದಲ್ಲೇ ಮಲಗುತ್ತಿದ್ದರು. ಅಂಥವರು ಹಾಸಿಗೆ ಹಿಡಿದರೆ ಧಾರಾವಾಹಿ ನಿಲ್ಲಬೇಕು, ಇಲ್ಲಾ ಬೇರೆ ವಕೀಲರು ಬರಬೇಕು.

ನಿರ್ಮಾಪಕರು ಎರಡನೇ ದಾರಿ ಹಿಡಿದರು. ಮೇಸನ್ ಕೂಡ ಆಸ್ಪತ್ರೆಯಲ್ಲಿದ್ದಾನೆ ಎಂದು ಕಥೆಯಲ್ಲೇ ಹೇಳಿಬಿಟ್ಟರು. ಬರ್ ಆಸ್ಪತ್ರೆಯ ಮಂಚದ ಮೇಲೆ, ಕೈಯಲ್ಲಿ ಫೋನ್ ಹಿಡಿದು ಸ್ವಲ್ಪ ಹೊತ್ತು ಮಾತಾಡುತ್ತಾರೆ. ಆ ಕಂತಿನಲ್ಲಿ ಅವರ ಪಾಲು ಅಷ್ಟೇ. ಯಾವ ನೆಪವನ್ನೂ ಕಟ್ಟದೆ, ನಟನಿಗೆ ನಿಜವಾಗಿ ಆದದ್ದನ್ನೇ ಪಾತ್ರಕ್ಕೂ ಕೊಟ್ಟರು. ನನಗೆ ಇದು ತುಂಬ ಇಷ್ಟವಾದ ಪರಿಹಾರ.

ಕಥೆ ಏನು? ಕೊಲೆಗಾರ ಯಾರು ಅಂತ ಮಾತ್ರ ಹೇಳಬೇಡಿ

ಹೇಳಲ್ಲ. ಕಾನ್‌ಸ್ಟಂಟ್ ಡಾಯ್ಲ್ ವಕೀಲೆ. ಗಂಡ ಜೋ ಕೂಡ ವಕೀಲನಾಗಿದ್ದ, ತೀರಿಕೊಂಡಿದ್ದಾನೆ. ಕ್ಯಾಲ್ ಲಿಯೊನಾರ್ಡ್ ಎಂಬ ಪುಂಡ ಹುಡುಗ ಪೊಲೀಸರ ಕೈಗೆ ಸಿಕ್ಕಿಬಿದ್ದಾಗ ಜೋ ಹೆಸರು ಹೇಳುತ್ತಾನೆ. ಆ ಹೆಸರಿಗಾಗಿಯೇ ಈಕೆ ಅವನನ್ನು ನೋಡಲು ಹೋಗುತ್ತಾಳೆ. ಸಣ್ಣ ಗಲಾಟೆಯ ಕೇಸು ಅಂದುಕೊಂಡಿದ್ದು ಕೊಲೆ ಕೇಸಾಗುತ್ತದೆ.

ಮೇಸನ್ ಕಥೆಗಳಲ್ಲಿ ಮೇಸನ್‌ನ ಸ್ವಂತ ಬದುಕು ಕಾಣುವುದೇ ಇಲ್ಲ. ಅವನ ಮನೆ, ಅಪ್ಪ ಅಮ್ಮ, ಕಳೆದುಕೊಂಡವರು, ಏನೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ವಕೀಲೆಗೆ ಒಂದು ದುಃಖ ಇದೆ, ಕೇಸು ಹಿಡಿಯಲು ಅದೇ ಕಾರಣ. ಹುಡುಗನ ಪಾತ್ರ ಮಾಡಿದವರು ಮೈಕೆಲ್ ಪಾರ್ಕ್ಸ್, ಆಗಿನ್ನೂ ಹೊಸಬರು. ನಂಬಿಕೆಗೆ ಅರ್ಹನೋ ಅಲ್ಲವೋ ಅನ್ನುವ ಅನುಮಾನವನ್ನು ಅವರು ಚೆನ್ನಾಗಿ ಉಳಿಸಿಕೊಳ್ಳುತ್ತಾರೆ.

## ಅತಿಥಿ ತಾರೆಯರ ಬಗ್ಗೆ

ಅಷ್ಟು ದೊಡ್ಡ ಸಿನಿಮಾ ತಾರೆ ಟಿವಿಗೆ ಯಾಕೆ ಬಂದ್ರು? ಅವಕಾಶ ಇರಲಿಲ್ವಾ?

ಅವಕಾಶಗಳು ಕಮ್ಮಿಯಾಗಿದ್ದು ನಿಜ. ಡೇವಿಸ್ 1930ರ ದಶಕದಲ್ಲೇ ಎರಡು ಆಸ್ಕರ್ ಗೆದ್ದವರು. ಆದರೆ ಹಾಲಿವುಡ್‌ನಲ್ಲಿ ಐವತ್ತು ದಾಟಿದ ನಟಿಗೆ ಆಗ ಮುಖ್ಯ ಪಾತ್ರ ಬರೆಯುವವರೇ ಇರಲಿಲ್ಲ. 1962ರ ಸೆಪ್ಟೆಂಬರ್‌ನಲ್ಲಿ ಅವರು ಸಿನಿಮಾ ಉದ್ಯಮದ ಪತ್ರಿಕೆ 'ವೆರೈಟಿ'ಯಲ್ಲಿ ಕೆಲಸ ಬೇಕು ಎಂದು ಜಾಹೀರಾತು ಹಾಕಿದರು. ಮೂರು ಮಕ್ಕಳ ತಾಯಿ, ವಿಚ್ಛೇದಿತೆ, ಸಿನಿಮಾ ನಟಿಯಾಗಿ ಮೂವತ್ತು ವರ್ಷದ ಅನುಭವ, ಹಾಲಿವುಡ್‌ನಲ್ಲಿ ಕಾಯಂ ಕೆಲಸ ಬೇಕು. ಹೀಗಿತ್ತು ಅದರ ಧಾಟಿ. ಅದನ್ನು ತಮಾಷೆಗೆ ಹಾಕಿದ್ದು ಎಂದು ಆಮೇಲೆ ಅವರು ಹೇಳಿದರು. ತಮಾಷೆಯೇ ಇರಲಿ, ಆ ಮಾತಿನೊಳಗೆ ಸಿಟ್ಟಿತ್ತು, ಸಿಟ್ಟಿಗೆ ಕಾರಣವೂ ಇತ್ತು.

ಅದೇ ವರ್ಷದ ಕೊನೆಗೆ ಡೇವಿಸ್ ನಟಿಸಿದ 'ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?' ಸಿನಿಮಾ ಬಿಡುಗಡೆಯಾಗಿ ಜನ ಮುಗಿಬಿದ್ದು ನೋಡಿದರು. 1963ರಲ್ಲಿ ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಕಾನ್‌ಸ್ಟಂಟ್ ಡಾಯ್ಲ್ ಪ್ರಸಾರವಾದದ್ದು ಈ ಎರಡರ ನಡುವೆ. ಹಾಗಾಗಿ 'ಬೇರೆ ಗತಿಯಿಲ್ಲದೆ ಟಿವಿಗೆ ಬಂದರು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಿನಿಮಾದಲ್ಲಿ ಅವರಿಗೆ ಸಿಗುತ್ತಿದ್ದದ್ದು ವಿಕಾರದ ಮುದುಕಿಯ ಪಾತ್ರ. ಟಿವಿಯಲ್ಲಿ ಸಿಕ್ಕಿದ್ದು ಬುದ್ಧಿವಂತೆ, ದುಡಿಯುವ, ಮರ್ಯಾದಸ್ಥ ನಡುವಯಸ್ಸಿನ ಹೆಂಗಸಿನ ಪಾತ್ರ. ಎರಡರಲ್ಲಿ ಯಾವುದು ಅಪರೂಪ ಅಂತ ನೀವೇ ನೋಡಿ.

ಡೇವಿಸ್ ಒಬ್ಬರೇನಾ, ಬೇರೆಯವರೂ ಬದಲಿ ವಕೀಲರಾಗಿ ಬಂದಿದ್ರಾ?

ಆ ಸೀಸನ್‌ನಲ್ಲೇ ನಾಲ್ಕು ಜನ. ಮೊದಲು ಡೇವಿಸ್. ಆಮೇಲೆ ಕಾನೂನು ಪ್ರೊಫೆಸರ್ ಆಗಿ ಮೈಕೆಲ್ ರೆನ್ನಿ, ಮುಂದೆ ಹ್ಯೂ ಓ'ಬ್ರಯನ್, ಕೊನೆಗೆ ವಾಲ್ಟರ್ ಪಿಜನ್. ಎಂಟನೇ ಸೀಸನ್‌ನಲ್ಲೂ ಬರ್ ಎರಡು ಕಂತುಗಳಿಗೆ ಸಿಗಲಿಲ್ಲ, ಆಗ ಮೈಕ್ ಕಾನರ್ಸ್ ಮತ್ತು ಬ್ಯಾರಿ ಸಲಿವನ್ ಬಂದರು. ಆರು ಜನರಲ್ಲಿ ಹೆಂಗಸು ಒಬ್ಬರೇ.

ಗೆಸ್ಟ್ ಸ್ಟಾರ್ ಅಂದ ತಕ್ಷಣ ಅವರೇ ಕೊಲೆಗಾರ ಅಂತ ಗೊತ್ತಾಗಲ್ವಾ?

ಒಳ್ಳೇ ಪ್ರಶ್ನೆ. ಪ್ರತಿ ವಾರ ಮುಗಿಯುವ ಎಲ್ಲ ಕೊಲೆ ಕಥೆಗಳಿಗೂ ಇರುವ ತೊಂದರೆ ಇದು. ಕಾಯಂ ಪಾತ್ರಗಳು ಕೊಲೆ ಮಾಡುವ ಹಾಗಿಲ್ಲ, ಸಾಯುವ ಹಾಗೂ ಇಲ್ಲ. ಹಾಗಾದರೆ ಸತ್ತವನು, ಆರೋಪಿ, ಅನುಮಾನಕ್ಕೆ ಸಿಗುವ ನಾಲ್ಕೈದು ಜನ, ಎಲ್ಲರೂ ಹೊರಗಿನವರೇ. ಅವರ ಮಧ್ಯೆ ಒಬ್ಬ ದೊಡ್ಡ ತಾರೆ ಇದ್ದರೆ ನೋಡುವವರ ಕಣ್ಣು ಅವನ ಮೇಲೇ ಇರುತ್ತದೆ. 'ಇಷ್ಟು ದುಡ್ಡು ಕೊಟ್ಟು ಕರೆಸಿದ್ದಾರೆ, ಸುಮ್ನೆ ಎರಡು ಮಾತಾಡಿಸಿ ಕಳಿಸ್ತಾರಾ?' ಅಲ್ವಾ?

ಮೇಸನ್ ತಂಡ ಇದಕ್ಕೆ ಕಂಡುಕೊಂಡ ಉಪಾಯ ಸರಳ. ದೊಡ್ಡ ತಾರೆಯರ ಬದಲು ನುರಿತ ಪೋಷಕ ನಟರನ್ನು ತುಂಬಿದರು. ಮುಖ ಎಲ್ಲೋ ನೋಡಿದ ಹಾಗಿದೆ, ಹೆಸರು ಗೊತ್ತಿಲ್ಲ, ಅಂಥವರು. ಐವರೂ ಒಂದೇ ತೂಕದವರಾದರೆ ಯಾರ ಮೇಲೂ ಕಣ್ಣು ನಿಲ್ಲುವುದಿಲ್ಲ. ಖರ್ಚೂ ಕಮ್ಮಿ. ಹಾಗಾಗಿ ಈ ಧಾರಾವಾಹಿಯಲ್ಲಿ ನಿಜವಾದ ಮಹಾತಾರೆಯರು ಕಾಣುವುದು ಕಮ್ಮಿ.

ಕಾನ್‌ಸ್ಟಂಟ್ ಡಾಯ್ಲ್ ಕಂತು ಈ ತೊಂದರೆಯನ್ನು ಇನ್ನೊಂದು ಕಡೆಯಿಂದ ದಾಟುತ್ತದೆ. ಇಲ್ಲಿ ತಾರೆ ಕೂತಿರುವುದು ವಕೀಲರ ಕುರ್ಚಿಯಲ್ಲಿ. ಆಕೆಯ ಮೇಲೆ ಅನುಮಾನವೇ ಬರಲ್ಲ. ಕಥೆಯನ್ನು ಮುಂದೆ ಎಳೆಯುವವಳೇ ಆಕೆ. ಬೇರೆ ಕಂತುಗಳಲ್ಲಿ ಅತಿಥಿಗಳು ಬಂದು ಹೋಗುತ್ತಾರೆ, ಇಲ್ಲಿ ಆ ವಾರದ ಮಟ್ಟಿಗೆ ಮನೆಯ ಯಜಮಾನಿಕೆಯೇ ಅತಿಥಿಯದು.

ಆಗ ಸಣ್ಣ ಪಾತ್ರ ಮಾಡಿ ಮುಂದೆ ದೊಡ್ಡ ಸ್ಟಾರ್ ಆದವರು ಯಾರಾದ್ರೂ ಇದಾರಾ?

ಬೇಕಾದಷ್ಟು ಜನ. ರಾಬರ್ಟ್ ರೆಡ್‌ಫೋರ್ಡ್ 1960ರ ಒಂದು ಕಂತಿನಲ್ಲಿದ್ದಾರೆ, ಬರ್ಟ್ ರೆನಾಲ್ಡ್ಸ್ 1962ರಲ್ಲಿ. ಮುಂದೆ 'ಸ್ಟಾರ್ ಟ್ರೆಕ್'ನ ಸ್ಪಾಕ್ ಆದ ಲಿಯೊನಾರ್ಡ್ ನಿಮೊಯ್, ಡೇವಿಸ್ ಬರುವ ಅದೇ ಜನವರಿಯಲ್ಲಿ ಬೇರೊಂದು ಕಂತಿನಲ್ಲಿ ಕಾಣಿಸುತ್ತಾರೆ.

ಡೇವಿಸ್ ನಟನೆ ಜಾಸ್ತಿ ಆಯ್ತು ಅನ್ಸಲ್ವಾ? ರೇಮಂಡ್ ಬರ್ ಎಷ್ಟು ಶಾಂತವಾಗಿರ್ತಿದ್ರು

ನನಗೆ ಹಾಗೆ ಅನಿಸುವುದಿಲ್ಲ. ಬರ್ ಅವರ ಶಕ್ತಿ ಇರುವುದು ಅಲುಗಾಡದೆ ನಿಲ್ಲುವುದರಲ್ಲಿ. ದೊಡ್ಡ ಮೈಕಟ್ಟು, ತಗ್ಗಿದ ದನಿ. ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಾರೆ, ಸಾಕ್ಷಿ ತಾನಾಗಿ ಸಡಿಲವಾಗುತ್ತಾನೆ. ಡೇವಿಸ್ ಆ ದಾರಿ ಹಿಡಿದಿದ್ದರೆ ಬರೀ ನಕಲಾಗುತ್ತಿತ್ತು. ಅವರ ಬಂಡವಾಳ ಬೇರೆ: ಆ ದೊಡ್ಡ ಕಣ್ಣುಗಳು, ಪ್ರತಿ ಪದವನ್ನೂ ಕತ್ತರಿಸಿ ಇಡುವ ಮಾತು. ಅದನ್ನೇ ಬಳಸಿದ್ದಾರೆ. ಸಿನಿಮಾದ ಡೇವಿಸ್‌ಗೆ ಹೋಲಿಸಿದರೆ ಇಲ್ಲಿ ಕೈ ಬಿಗಿ ಹಿಡಿದೇ ನಟಿಸಿದ್ದಾರೆ.

ಅದರಲ್ಲೂ ಹುಡುಗನ ಜೊತೆಗಿನ ದೃಶ್ಯಗಳನ್ನು ನೋಡಿ. ಮೇಸನ್ ತನ್ನ ಕಕ್ಷಿದಾರನನ್ನು ನಂಬುವುದು ಒಂದು ನಿಯಮದ ಹಾಗೆ. ಕಾನ್‌ಸ್ಟಂಟ್‌ಗೆ ನಂಬುವುದು ಅಷ್ಟು ಸುಲಭವಲ್ಲ. ಗಂಡ ಈ ಹುಡುಗನಲ್ಲಿ ಏನು ಕಂಡಿದ್ದ ಎಂದು ಆಕೆ ಹುಡುಕುತ್ತಿರುತ್ತಾಳೆ. ಆ ಹುಡುಕಾಟ ಮುಖದಲ್ಲಿ ಕಾಣುತ್ತದೆ. ಕೊಲೆಗಾರ ಸಿಗುವುದಕ್ಕಿಂತ ನನಗೆ ಇದೇ ಮುಖ್ಯ ಅನಿಸಿತು.

## ಕೋರ್ಟು, ಕಾನೂನು, ಒಳಗಿನ ಸಂಗತಿಗಳು

1963ರಲ್ಲಿ ಟಿವಿಲಿ ಹೆಂಗಸು ವಕೀಲೆ ಅಂದ್ರೆ ಅಷ್ಟು ದೊಡ್ಡ ವಿಷಯವಾ?

ಟಿವಿ ಮಟ್ಟಿಗೆ ಹೌದು. ನಿಜ ಜೀವನದಲ್ಲಿ ಹೆಂಗಸರು ಅದಾಗಲೇ ಕೋರ್ಟಿನಲ್ಲಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಕ್ಲಾರಾ ಫೋಲ್ಟ್ಜ್ 1878ರಲ್ಲೇ ವಕೀಲೆಯಾಗಿದ್ದರು. ನಮ್ಮ ದೇಶದಲ್ಲಿ ಹೆಂಗಸರಿಗೆ ವಕೀಲಿಕೆಯ ಬಾಗಿಲು ತೆರೆದ ಕಾಯ್ದೆ ಬಂದಿದ್ದು 1923ರಲ್ಲಿ. ಈ ಕಂತು ಪ್ರಸಾರವಾಗುವ ಹೊತ್ತಿಗೆ ಅನ್ನಾ ಚಾಂಡಿ ಕೇರಳ ಹೈಕೋರ್ಟಿನ ನ್ಯಾಯಾಧೀಶೆಯಾಗಿ ನಾಲ್ಕು ವರ್ಷ ಆಗಿತ್ತು. ಆದರೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಮೊದಲ ಮಹಿಳೆ ಬಂದಿದ್ದು 1981ರಲ್ಲಿ, ನಮ್ಮಲ್ಲಿ 1989ರಲ್ಲಿ.

ಪರದೆಯ ಹಿಂದೆ ಇನ್ನೊಬ್ಬ ಹೆಂಗಸಿದ್ದರು, ಅವರ ಹೆಸರು ಯಾರೂ ಹೇಳುವುದಿಲ್ಲ. ಧಾರಾವಾಹಿಯ ಕಾರ್ಯಕಾರಿ ನಿರ್ಮಾಪಕಿ ಗೇಲ್ ಪ್ಯಾಟ್ರಿಕ್ ಜಾಕ್ಸನ್. ಹಾಲಿವುಡ್‌ಗೆ ನಟಿಯಾಗಿ ಬರುವ ಮೊದಲು ಕಾನೂನು ಓದುತ್ತಿದ್ದವರು. ಕೋರ್ಟಿನ ವಿವರಗಳು ಸರಿಯಾಗಿರಬೇಕು ಎಂಬ ಹಟ ಅವರದು, ಗಾರ್ಡ್ನರ್ ಅವರದೂ. ಮೇಸನ್ ಮಲಗಿದಾಗ ಮೊದಲು ಬಂದ ಬದಲಿ ವಕೀಲರು ಒಬ್ಬ ಹೆಂಗಸು ಅನ್ನುವಾಗ ನನಗೆ ನೆನಪಾಗುವವರು ಅವರೇ.

ಇದರಲ್ಲಿ ಜ್ಯೂರಿ ಯಾಕೆ ಕಾಣಲ್ಲ? ಅಮೆರಿಕದಲ್ಲಿ ಜ್ಯೂರಿ ಇರ್ಬೇಕಲ್ವಾ?

ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಜನಸಾಮಾನ್ಯರ ತಂಡ ಜ್ಯೂರಿ. ಅದು ಇರಬೇಕು, ಆದರೆ ಪೂರ್ತಿ ವಿಚಾರಣೆಯಲ್ಲಿ. ಮೇಸನ್ ಕಂತುಗಳಲ್ಲಿ ಹೆಚ್ಚಿನವು ನಡೆಯುವುದು ಅದಕ್ಕಿಂತ ಮುಂಚಿನ ಪ್ರಾಥಮಿಕ ವಿಚಾರಣೆಯಲ್ಲಿ. ಆರೋಪಿಯನ್ನು ವಿಚಾರಣೆಗೆ ಕಳಿಸುವಷ್ಟು ಸಾಕ್ಷ್ಯ ಇದೆಯಾ ಎಂದು ನ್ಯಾಯಾಧೀಶರೊಬ್ಬರೇ ನೋಡುವ ಹಂತ ಅದು. ಕಥೆಗೆ ಇದರಿಂದ ಅನುಕೂಲ ಜಾಸ್ತಿ. ಹನ್ನೆರಡು ಜನ ಜ್ಯೂರಿಗಳನ್ನು ದಿನವಿಡೀ ಕೂರಿಸಿ ಸಂಬಳ ಕೊಡಬೇಕಿಲ್ಲ. ನಿಜವಾದ ಅಪರಾಧಿ ಸಿಕ್ಕಿದ ಕೂಡಲೇ ಕೇಸು ವಜಾ ಮಾಡಿ ಕಥೆ ಮುಗಿಸಬಹುದು.

ಸಾಕ್ಷಿ ಹೇಳೋಕೆ ಬಂದವನು 'ಹೌದು ನಾನೇ ಕೊಂದೆ' ಅಂತ ಅಳೋದು ನಿಜವಾಗಿ ಆಗುತ್ತಾ?

ಇಲ್ಲ ಅಂತಲೇ ಇಟ್ಟುಕೊಳ್ಳಿ. ಅಮೆರಿಕದಲ್ಲಿ ತನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡಲ್ಲ ಎನ್ನುವ ಹಕ್ಕು ಸಾಕ್ಷಿಗಿದೆ, ಸಂವಿಧಾನದ ಐದನೇ ತಿದ್ದುಪಡಿಯ ಪ್ರಕಾರ. ಕೊಲೆ ಮಾಡಿದವನು ಮೊದಲು ಬಳಸುವುದೇ ಆ ಹಕ್ಕನ್ನು.

ನಮ್ಮಲ್ಲಿ ಸ್ವಲ್ಪ ಬೇರೆ. ಆರೋಪಿಗೆ ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಇದೆ. ಬರೀ ಸಾಕ್ಷಿಯಾಗಿ ಬಂದವರು 'ಉತ್ತರ ಕೊಟ್ಟರೆ ನನಗೆ ತೊಂದರೆ' ಎಂದು ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಬಲವಂತದಿಂದ ಪಡೆದ ಆ ಉತ್ತರವನ್ನು ಅವರ ಮೇಲಿನ ಕ್ರಿಮಿನಲ್ ಕೇಸಿನಲ್ಲಿ ಬಳಸುವಂತಿಲ್ಲ. ಅದರಲ್ಲೇ ಸುಳ್ಳು ಸಾಕ್ಷಿ ಹೇಳಿದ್ದರೆ ಆ ಮಾತು ಬೇರೆ. 1872ರ ಸಾಕ್ಷ್ಯ ಕಾಯ್ದೆಯ 132ನೇ ಕಲಮಿನಲ್ಲಿ ಇದು ಇತ್ತು. ಅಂದರೆ ಮೇಸನ್ ಶೈಲಿಯ ತಪ್ಪೊಪ್ಪಿಗೆ ನಮ್ಮ ಕೋರ್ಟಿನಲ್ಲಿ ನಡೆದರೂ, ಅದನ್ನೇ ಹಿಡಿದು ಆ ಸಾಕ್ಷಿಯನ್ನು ಜೈಲಿಗೆ ಕಳಿಸುವುದು ಸಲೀಸಲ್ಲ.

ಆದರೆ ಈ ಧಾರಾವಾಹಿ ಬರೀ ಸುಳ್ಳು ಕಲಿಸಿತು ಅಂತಲೂ ಹೇಳಬೇಡಿ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಚಿಕ್ಕವರಿದ್ದಾಗ ಇದನ್ನೇ ನೋಡಿ ಬೆಳೆದವರು. 2009ರಲ್ಲಿ ಸೆನೆಟ್ ಮುಂದೆ ಅವರು ಇದರ ಮಾತೆತ್ತಿದರು. ಅವರ ಮನಸ್ಸಿನಲ್ಲಿ ಉಳಿದದ್ದು ಮೇಸನ್‌ನ ಗೆಲುವಲ್ಲ, ನಿರಪರಾಧಿ ಬಿಡುಗಡೆಯಾದಾಗ ಸರ್ಕಾರಿ ವಕೀಲ ಆಡಿದ ಮಾತು. ನ್ಯಾಯ ಸಿಕ್ಕಿದರೆ ತನ್ನ ಕೆಲಸವೂ ಆದಂತೆಯೇ ಅನ್ನುವ ಅರ್ಥದ ಮಾತು ಅದು.

ಬೆಟ್ಟಿ ಡೇವಿಸ್ ನಿಜವಾದ ಕೋರ್ಟ್ ಕೇಸಲ್ಲೂ ಇದ್ರಂತೆ, ಹೌದಾ?

ಹೌದು, ಸೋತರು ಕೂಡ. 1936ರಲ್ಲಿ ವಾರ್ನರ್ ಬ್ರದರ್ಸ್ ಕೊಡುತ್ತಿದ್ದ ಪಾತ್ರಗಳಿಂದ ಬೇಸತ್ತು, ಕಂಪನಿಯ ಒಪ್ಪಿಗೆ ಇಲ್ಲದೆ ಬೇರೆ ಸಿನಿಮಾ ಮಾಡಲು ಅವರು ಇಂಗ್ಲೆಂಡಿಗೆ ಹೋದರು. ಆಗಿನ ಕರಾರು ಹೇಗಿರುತ್ತಿತ್ತು ಅಂದರೆ, ಒಪ್ಪಿಕೊಳ್ಳದ ಪಾತ್ರಕ್ಕೆ ಸಂಬಳವಿಲ್ಲದೆ ಅಮಾನತು, ಆ ಅಮಾನತಿನ ದಿನಗಳನ್ನು ಕರಾರಿನ ಕೊನೆಗೆ ಸೇರಿಸುವುದು. ಹೀಗಾದರೆ ಕರಾರು ಮುಗಿಯುವುದೇ ಇಲ್ಲ.

ಕಂಪನಿ ಲಂಡನ್ನಿನಲ್ಲಿ ದಾವೆ ಹೂಡಿತು. ಕಂಪನಿಯ ವಕೀಲ ಸರ್ ಪ್ಯಾಟ್ರಿಕ್ ಹೇಸ್ಟಿಂಗ್ಸ್, ಡೇವಿಸ್ ಅವರನ್ನು ಜಾಸ್ತಿ ದುಡ್ಡು ಬೇಕೆಂದು ಹಟ ಹಿಡಿದ ತುಂಟ ಹುಡುಗಿ ಎಂಬಂತೆ ಚಿತ್ರಿಸಿದರು. ಡೇವಿಸ್ ಸಾಕ್ಷಿ ಹೇಳಲೇ ಇಲ್ಲ. ತೀರ್ಪು ಕಂಪನಿಯ ಪರವಾಯಿತು. ಇಂಗ್ಲೆಂಡಿನಲ್ಲಿ ಬೇರೆಯವರಿಗೆ ನಟಿಸದಂತೆ ಕೋರ್ಟು ತಡೆ ಹಾಕಿತು. ಅವರು ವಾಪಸು ಹೋಗಿ ಅದೇ ಕಂಪನಿಗೆ ದುಡಿದರು. ಆದರೆ ಆಮೇಲೆ ಸಿಕ್ಕ ಪಾತ್ರಗಳು ಒಳ್ಳೆಯವು. ಎರಡನೇ ಆಸ್ಕರ್ ಬಂದಿದ್ದು ಅವುಗಳಲ್ಲೊಂದಕ್ಕೆ, 1938ರ 'ಜೆಜಬೆಲ್' ಚಿತ್ರಕ್ಕೆ. ಸಂಬಳವಿಲ್ಲದ ದಿನಗಳನ್ನು ಕರಾರಿಗೆ ಸೇರಿಸುವ ಪದ್ಧತಿಯನ್ನು ಕೊನೆಗೆ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಮುರಿದವರು ನಟಿ ಒಲಿವಿಯಾ ಡಿ ಹ್ಯಾವಿಲೆಂಡ್, 1940ರ ದಶಕದಲ್ಲಿ.

ಲಾ ಓದ್ತಿದೀನಿ. ಪುಸ್ತಕದಲ್ಲಿ 'ವಾರ್ನರ್ ಬ್ರದರ್ಸ್ ವಿರುದ್ಧ ನೆಲ್ಸನ್' ಅಂತಿದೆ. ಆ ನೆಲ್ಸನ್ ಇವರೇನಾ?

ಇವರೇ. ಆಗ ಅವರ ಗಂಡನ ಹೆಸರು ಹಾರ್ಮನ್ ನೆಲ್ಸನ್, ದಾವೆಯಲ್ಲಿ ಮದುವೆಯ ನಂತರದ ಹೆಸರೇ ಇದೆ. ಎಷ್ಟೋ ವಿದ್ಯಾರ್ಥಿಗಳು ನೆಲ್ಸನ್ ಯಾವನೋ ಗಂಡಸು ಅಂದುಕೊಂಡೇ ಪರೀಕ್ಷೆ ಬರೆದು ಬರುತ್ತಾರೆ.

ಕೇಸಿನ ತಿರುಳು ಇಷ್ಟು. ಒಬ್ಬರನ್ನು ಬಲವಂತವಾಗಿ ನಟಿಸು, ಹಾಡು, ದುಡಿ ಎಂದು ಕೋರ್ಟು ಹೇಳುವುದಿಲ್ಲ. ಆದರೆ 'ಈ ಅವಧಿಯಲ್ಲಿ ಬೇರೆಯವರಿಗೆ ನಟಿಸುವುದಿಲ್ಲ' ಎಂದು ಕರಾರಿನಲ್ಲಿ ಒಪ್ಪಿದ್ದರೆ, ಆ 'ಇಲ್ಲ' ಅನ್ನುವ ಭಾಗವನ್ನು ತಡೆಯಾಜ್ಞೆಯಿಂದ ಜಾರಿ ಮಾಡಬಹುದು. ನಟನೆ ಬಿಟ್ಟು ಬೇರೆ ಕೆಲಸ ಮಾಡಿ ಬದುಕಲು ಅವರಿಗೆ ಅಡ್ಡಿಯಿಲ್ಲ, ಹಾಗಾಗಿ ಇದು ಬಲವಂತವಲ್ಲ ಎಂದಿತು ಕೋರ್ಟು. ನಟಿಗೆ ನಟನೆ ಬಿಟ್ಟು ಬೇರೆ ಏನಾದರೂ ಮಾಡು ಅನ್ನುವುದು ಎಂಥ ಸ್ವಾತಂತ್ರ್ಯ? ತೀರ್ಪಿನ ಈ ಭಾಗ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಭಾರತದಲ್ಲಿ ಇದೇ ವಿಷಯ ನಿರ್ದಿಷ್ಟ ಪರಿಹಾರ ಕಾಯ್ದೆಯ 42ನೇ ಕಲಮಿನಲ್ಲಿದೆ. ಆ ಕಾಯ್ದೆಯೂ 1963ರದ್ದೇ.

ಕನ್ನಡದಲ್ಲಿ ಇಂಥದ್ದು ಬಂದಿದೆಯಾ?

ಕೋರ್ಟಿನ ವಾದವನ್ನು ಮನೆಮಂದಿಯೆಲ್ಲ ಕೂತು ನೋಡುವ ಹಾಗೆ ಮಾಡಿದವರು ಟಿ.ಎನ್. ಸೀತಾರಾಂ. ಅವರೇ ಮಾಡಿದ ವಕೀಲ ಸಿ.ಎಸ್.ಪಿ. ಪಾತ್ರ ನಮ್ಮವರಿಗೆ ಮೇಸನ್‌ಗಿಂತ ಹತ್ತಿರ. ಆದರೆ ರಚನೆ ಬೇರೆ. ಮೇಸನ್‌ನಲ್ಲಿ ವಾರಕ್ಕೊಂದು ಕೇಸು, ಅವತ್ತೇ ಮುಗಿಯಬೇಕು. ನಮ್ಮ ದಿನದ ಧಾರಾವಾಹಿಯಲ್ಲಿ ಒಂದು ಕೇಸು ವಾರಗಟ್ಟಲೆ ನಡೆಯುತ್ತದೆ, ಅದರ ಸುತ್ತ ಸಂಸಾರಗಳಿರುತ್ತವೆ. ಒಂದೇ ಕಂತಿಗೆ ಬಂದು ಇಡೀ ಕಥೆ ಹೊತ್ತು ಹೋಗುವ ಅತಿಥಿ ತಾರೆಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ಈ ಒಂದು ಕಂತು ನೋಡಿದ್ರೆ ಸಾಕಾ? ಹಿಂದಿನವೆಲ್ಲ ನೋಡಿರಬೇಕಾ?

ಎಲ್ಲ ಬೇಡ. ಆದರೆ ಬರ್ ಇರುವ ಒಂದು ಮಾಮೂಲಿ ಕಂತನ್ನಾದರೂ ಮೊದಲು ನೋಡಿ. ಖಾಲಿಯಾದ ಕುರ್ಚಿ ಎಷ್ಟು ದೊಡ್ಡದು ಅಂತ ತಿಳಿಯುವುದು ಆಗಲೇ. ಆಮೇಲೆ ಕಾನ್‌ಸ್ಟಂಟ್ ಡಾಯ್ಲ್ ನೋಡಿ. ಇಷ್ಟವಾದರೆ 1963ರ ಅಕ್ಟೋಬರ್‌ನ 'ದಿ ಕೇಸ್ ಆಫ್ ದಿ ಡೆಡ್ಲಿ ವರ್ಡಿಕ್ಟ್'ಗೆ ಹೋಗಿ. ಅದು ಶುರುವಾಗುವುದೇ ಮೇಸನ್ ಕೇಸು ಸೋಲುವುದರಿಂದ.

ಡೇವಿಸ್ ಜೊತೆ 'ಬೇಬಿ ಜೇನ್'ನಲ್ಲಿ ನಟಿಸಿದ್ದ ವಿಕ್ಟರ್ ಬ್ಯುವೊನೊ ಅವರನ್ನು ನೋಡಬೇಕೆಂದರೆ 1966ರ ಫೆಬ್ರವರಿಯ 'ದಿ ಕೇಸ್ ಆಫ್ ದಿ ಟ್ವೈಸ್ ಟೋಲ್ಡ್ ಟ್ವಿಸ್ಟ್' ಇದೆ. 271ರಲ್ಲಿ ಬಣ್ಣದಲ್ಲಿ ತೆಗೆದದ್ದು ಅದೊಂದೇ. ಅದೇ ವರ್ಷದ ಮೇ ತಿಂಗಳ ಕೊನೆಯ ಕಂತಿನಲ್ಲಿ ನ್ಯಾಯಾಧೀಶರ ಪೀಠದ ಮೇಲೆ ಕೂತಿರುವವರ ಮುಖ ಸರಿಯಾಗಿ ನೋಡಿ. ಅವರು ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್.